ಭಂಡಾರ ನುಂಗಿದ ಆಕ್ಷನ್

ಮೊನ್ನೆ ಹೊಸ ಕಂಪ್ಯೂಟರ್ ಬಂತು. ಹಳೆಯದರಿಂದ ಏನೇನು ಒಯ್ಯಬೇಕೆಂದು ನೋಡುತ್ತ ಕೂತಾಗ ‘ಶೋಭಾ’ ಎಂಬ ಹೆಸರಿನ ಚಿಕ್ಕ ಫೈಲೊಂದು ಕಣ್ಣಿಗೆ ಬಿತ್ತು. ಫೋಟೋ ತಿದ್ದುವ ತಂತ್ರಾಂಶದ ಆಕ್ಷನ್ ಅದು.

ಆಕ್ಷನ್ ಎಂದರೆ ಇಷ್ಟೇ: ಒಂದು ಫೋಟೋಕ್ಕೆ ನಾವು ಮಾಡಿದ್ದನ್ನೆಲ್ಲ, ಅಂಚು ಕತ್ತರಿಸಿದ್ದು, ಬೆಳಕು ಏರಿಸಿದ್ದು, ಗಾತ್ರ ಇಳಿಸಿದ್ದು ಎಲ್ಲವನ್ನೂ ಯಂತ್ರ ಹೆಜ್ಜೆ ಹೆಜ್ಜೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಕೀಲಿ ಒತ್ತಿದರೆ ಸಾಲಾಗಿ ಎಲ್ಲ ಫೋಟೋಗಳಿಗೂ ಅದನ್ನೇ ಮಾಡುತ್ತದೆ. ಏಕೆಂದು ಕೇಳುವುದಿಲ್ಲ. ಈ ವಿಷಯದಲ್ಲಿ ಅದು ಕೆಲವು ಪತ್ರಕರ್ತರನ್ನು ಹೋಲುತ್ತದೆ; ನನ್ನನ್ನು ಆ ಪಟ್ಟಿಯಿಂದ ಬಿಡಬೇಕಾಗಿಲ್ಲ.

ರಾಯಬಾಗದಲ್ಲಿ ವರದಿಗಾರನಾಗಿದ್ದಾಗ ನನ್ನ ಕಚೇರಿ ಎಂದರೆ ಸ್ಕೂಟರ್. ಪತ್ರಿಕೆಗೆ ಫೋಟೋ ಕಳಿಸಲು ಆ ಊರಿನ ಶೋಭಕ್ಕನ ಫೋಟೋ ಸ್ಟುಡಿಯೋಕ್ಕೆ ಹೋಗುತ್ತಿದ್ದೆ. ಆಗ ಅಲ್ಲಿ ನಡೆಯುತ್ತಿದ್ದುದು ಮಿರಜದ ಅಲ್ಬಮ್ ಡಿಸೈನರ್ ಒಬ್ಬ ಮಾಡಿದ ಆಕ್ಷನ್. ನಮ್ಮ ಕಡೆಯ ಸ್ಟುಡಿಯೋದವರು ಇಂಥದನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳುವುದು ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದಂತೆ. ಒಳಗೇನಿದೆ ಎಂದು ಯಾರೂ ನೋಡುತ್ತಿರಲಿಲ್ಲ. ನನ್ನ ಗುರುತಿನ ಚೀಟಿಯ ಫೋಟೋದಲ್ಲಿ ಅದೇ ಆಕ್ಷನ್ ನನ್ನನ್ನು ಬೆಳ್ಳಗೆ, ನುಣ್ಣಗೆ ಮಾಡಿತ್ತು. ನಾನು ತಕರಾರು ಎತ್ತಿರಲಿಲ್ಲ.

ಒಂದು ಮಧ್ಯಾಹ್ನ ಮದುವೆಯ ಅಲ್ಬಮ್ ನೋಡಲು ಇಬ್ಬರು ಬಂದರು. ಹೊಸ ಮದುಮಗಳು ಕಸ್ತೂರಿ ಮತ್ತು ಅವಳ ಗಂಡನ ಅಣ್ಣ. ಎರಡೂ ಮನೆಯವರು ಕುರಿ ಸಾಕುವವರು. ದೇವರ ಅರಿಷಿಣದ ಪುಡಿ, ಅಂದರೆ ಭಂಡಾರ, ಹಣೆಗೆ ಬೀಳದೆ ಅವರಲ್ಲಿ ಮದುವೆ ಸಾಗುವುದಿಲ್ಲ. ಅಣ್ಣ ಪರದೆಯನ್ನೇ ನೋಡಿದ.

“ಅಕ್ಕಾರ, ನಮ್ಮಪ್ಪನ ಹಣಿ ಮ್ಯಾಲಿನ ಭಂಡಾರ ಎಲ್ಲಿ ಹೋತ್ರಿ? ಯಾರೋ ಒರಸಿದಂಗ ಕಾಣತೈತಿ.”

ಹೌದು. ಇಡೀ ಮದುವೆಯಲ್ಲಿ ಒಂದು ಹಣೆಯೂ ಹಳದಿ ಇರಲಿಲ್ಲ. ಶೋಭಕ್ಕ ಆಕ್ಷನ್ನಿನ ಹೆಜ್ಜೆಗಳನ್ನು ಬಿಡಿಸಿ ನೋಡಿದಳು. ಒಂದು ಹೆಜ್ಜೆ ಹಳದಿಯನ್ನು ಇಳಿಸುತ್ತಿತ್ತು, ಅದರ ಕೆಳಗಿನದು ಚರ್ಮವನ್ನು ಬಿಳಿ ಮಾಡುತ್ತಿತ್ತು. ಅವು ನಡೆಯದಂತೆ ಎರಡರ ಮುಂದಿನ ಟಿಕ್ಕನ್ನೂ ತೆಗೆದು, ಮೂಲ ಫೋಟೋಗಳ ಮೇಲೆ ಮತ್ತೆ ಓಡಿಸಿದಳು. ಭಂಡಾರ ಬಂತು. ಕಸ್ತೂರಿಯ ಎಣ್ಣೆಗಪ್ಪು ಮುಖವೂ ಬಂತು.

“ಭಂಡಾರ ಇರ್ಲಿ. ಹುಡುಗಿ ಮಾತ್ರ ಮದಲಿನಂಗ ಬೆಳ್ಳಗ ಮಾಡ್ರಿ,” ಎಂದ ಅಣ್ಣ. “ಪುಣೇದ ಬೀಗರು ಬರೋರದಾರ, ಅಲ್ಬಮ್ ನೋಡ್ತಾರ.”

ಕಸ್ತೂರಿ ಬಾಯಿ ತೆರೆದಳು. “ಭಾವಾರ, ಅಲ್ಬಮ್ ನೋಡಿದವರಿಗೆ ಚಾ ತರಾಕಿ ನಾನ. ಆಗೇನ್ ಹೇಳ್ತೀರಿ, ಆಕಿ ಬ್ಯಾರೆ ಅಂತೀರಿ?”

“ಮನಿಗೆ ಬಂದು ಎಂಟ ದಿನ ಆಗಿಲ್ಲ, ಮಾತ ನೋಡ್ರಿ ಈಕಿದು.”

“ಮಾತೂ ನಂದ, ಮುಖಾನೂ ನಂದ.”

ಅವನು ಶೋಭಕ್ಕನ ಕಡೆ ತಿರುಗಿದ. “ನಮ್ಮ ಮನ್ಯಾಗ ಇನ್ನೂ ಲಗ್ನ ಅದಾವ, ತಿಳಕೋರಿ. ಆಗೂದಿಲ್ಲಂದ್ರ ಮಿರಜಕ್ಕ ಒಯ್ತೀನಿ.”

ನಾನು ನಡುವೆ ಬಾಯಿ ಹಾಕಿ, ಎರಡು ಬಗೆಯ ಪ್ರತಿ ಮಾಡಬಹುದಲ್ಲ ಎಂದೆ. ಸಮತೋಲನ ನಮ್ಮ ವೃತ್ತಿಯ ಚಟ.

“ನೀವು ಸುದ್ದಿ ಬರೀರಿ ಸಾಹೇಬ್ರ,” ಎಂದಳು ಶೋಭಕ್ಕ. ಆಮೇಲೆ ಅವನಿಗೆ: “ಹಣಿಗೊಂದು ಬಣ್ಣ, ಮುಖಕ್ಕೊಂದು ಬಣ್ಣ ನಾ ಹಚ್ಚೂದಿಲ್ರಿ. ಒಯ್ಯೂದಾದ್ರ ಒಯ್ರಿ.”

“ಯಾಕ ಒಯ್ಯೂದು? ಅಲ್ಬಮ್ ತವರಮನಿದು, ನಮ್ಮಪ್ಪ ಮಾಡಾಕ ಹೇಳಿದ್ದು,” ಎಂದಳು ಕಸ್ತೂರಿ. “ಇಲ್ಲೇ ಆಗ್ಲಿ ಅಕ್ಕಾರ. ಇದ್ದಂಗ ಆಗ್ಲಿ.”

ಇದ್ದಂತೆಯೇ ಆಯಿತು. ಆ ಮನೆಯ ಮುಂದಿನ ಮದುವೆಗಳೆಲ್ಲ ಮಿರಜಕ್ಕೆ ಹೋದವು. ಶೋಭಕ್ಕನಿಗೆ ಆ ಸುಗ್ಗಿ ತೆಳ್ಳಗಾಯಿತು, ಅದನ್ನೂ ದಾಖಲಿಸಬೇಕು.

ಅವರು ಹೊರಟ ಮೇಲೆ ಶೋಭಕ್ಕ ಆ ಎರಡು ಹೆಜ್ಜೆಗಳನ್ನು ಎಳೆದು ಕಸದ ಬುಟ್ಟಿಗೆ ಹಾಕಿದಳು. ಟಿಕ್ ತೆಗೆದಿದ್ದೀರಲ್ಲ, ಸಾಲದೇ ಎಂದು ಕೇಳಿದೆ.

“ಟಿಕ್ ತೆಗದ್ರ ನಾಳೆ ಯಾರರ ತಿರುಗಿ ಹಾಕ್ತಾರ್ರಿ.”

ಉಳಿದದ್ದನ್ನು ಫೈಲ್ ಮಾಡಲು ಹೋದರೆ ‘ಸೇವ್’ ಗುಂಡಿ ಒತ್ತಲು ಬಾರದಂತೆ ಮಂಕಾಗಿಯೇ ಇತ್ತು. ಒಂಟಿ ಆಕ್ಷನ್ ಹೊರಗೆ ಹೋಗುವುದಿಲ್ಲ, ಅದು ಕೂತಿರುವ ಗುಂಪನ್ನು, ಅಂದರೆ ಇಡೀ ಸೆಟ್ಟನ್ನೇ ಆರಿಸಬೇಕು ಎಂಬುದು ತಿಳಿಯುವ ಹೊತ್ತಿಗೆ ಇಬ್ಬರಿಗೂ ಸಾಕಾಗಿತ್ತು. “ಮನಿಮಂದಿನೆಲ್ಲ ಕರಕೊಂಡ ಬಾ ಅಂತೈತಿ ಇದು,” ಎಂದು ಬೈಯುತ್ತ ಸೆಟ್ಟಿಗೆ ತನ್ನ ಹೆಸರನ್ನೇ ಇಟ್ಟಳು. ಆಮೇಲೆ ಅಥಣಿ, ನಿಪ್ಪಾಣಿ, ಕಾಗವಾಡದಿಂದ ಮಿರಜದ ಆಕ್ಷನ್ ಕೇಳಿಕೊಂಡು ಬಂದವರ ಪೆನ್‌ಡ್ರೈವಿಗೆಲ್ಲ ಇದನ್ನೇ ಹಾಕಿ ಕಳಿಸಿದಳು. ನನಗೂ ಒಂದು ಪ್ರತಿ ಕೊಟ್ಟಿದ್ದಳು. “ಬೆಳ್ಳಗ ಮಾಡೂದ ಇಲ್ಲಲ್ರಿ ಇದರಾಗ?” ಎಂದು ಫೋನ್ ಬಂದರೆ, “ಇಲ್ರಿ,” ಎಂದು ಇಟ್ಟುಬಿಡುತ್ತಿದ್ದಳು.

ಹೊಸ ಕಂಪ್ಯೂಟರಿಗೆ ಆ ಫೈಲನ್ನು ಹಾಕಿಕೊಂಡು ನಿನ್ನೆ ಮೊದಲ ಬಾರಿ ಓಡಿಸಿದೆ. ಉಗಾರ ಬುದ್ರುಕದ ಹೊಲದಲ್ಲಿ ಕಬ್ಬು ಕಡಿಯುವ ನಾಲ್ವರು ಹೆಂಗಸರ ಫೋಟೋ. ಕಳಿಸಿದ ಸ್ವಲ್ಪ ಹೊತ್ತಿಗೆ ಮುಖ್ಯ ಕಚೇರಿಯಿಂದ ಫೋನ್: “ಮುಖ ಎಲ್ಲಾ ಕಪ್ಪು ಬಂದಾವ. ಒಂದೀಟು ಬೆಳ್ಳಗ ಮಾಡಿ ಕಳಸ್ರಿ.”

ಫೋಟೋ ತೆರೆದು ನೋಡಿದೆ. ಬೆಳಕು ಸರಿಯಾಗಿತ್ತು, ಕಬ್ಬಿನ ಎಲೆ ಹಸಿರಾಗಿಯೇ ಇತ್ತು.

“ಕಪ್ಪು ಬಂದಿಲ್ರಿ. ಅವರು ಇರೋದ ಹಂಗ,” ಎಂದೆ.

“ಪುಟ ಅಚ್ಚಿಗೆ ಹೋಗೂ ಹೊತ್ತಿನಾಗ ವಾದ ಬ್ಯಾಡ್ರಿ.”

ವಾದ ಮಾಡಲಿಲ್ಲ. ನಾಲ್ವರ ಹೆಸರನ್ನೂ ಎಡದಿಂದ ಬಲಕ್ಕೆ ಬರೆದು, ಅದೇ ಫೋಟೋವನ್ನು ಮತ್ತೊಮ್ಮೆ ಕಳಿಸಿದೆ.