ಲೋರ್ನಾ ನೋಡದೇ ಬಿಟ್ಟ ಗಾಡಿ

ಕಡೀನಾ ಎಂಬ ಊರಿನಲ್ಲಿ ಹಳೆಯ ಗಾಡಿ ಕೊಳ್ಳುವವರು ಬ್ಯಾಂಕಿಗೆ ಹೋಗುವ ಮೊದಲು ಲೋರ್ನಾ ಟ್ರೆಝೈಸಳ ಶೆಡ್ಡಿಗೆ ಹೋಗುತ್ತಾರೆ. ಐವತ್ತೆಂಟರ ಈ ಹೆಂಗಸು ಗಾಡಿಗಳ ವೈರಿಂಗ್ ಕೆಲಸದಲ್ಲೇ ಕೂದಲು ನರೆಸಿಕೊಂಡವಳು. ಗಾಡಿಯಡಿ ಮಲಗಿ ಎದ್ದು, ಕೈ ಒರೆಸಿಕೊಳ್ಳುತ್ತ "ತಗೋ" ಎಂದರೆ ತೆಗೆದುಕೊಳ್ಳಬೇಕು, "ಬೇಡ" ಎಂದರೆ ಬಿಡಬೇಕು. ಮಾತು ಕಡಿಮೆ, ಮುಲಾಜಂತೂ ಇಲ್ಲವೇ ಇಲ್ಲ. ಚರ್ಚಿನ ಪಾದ್ರಿಯ ಕಾರನ್ನು ಅವನೆದುರಿಗೇ ತಗಡಿನ ಡಬ್ಬ ಎಂದವಳು.

ಅವಳು ಮುಲಾಜಿಗೆ ಬೀಳುತ್ತಿದ್ದದ್ದು ಒಬ್ಬನೇ ಒಬ್ಬನ ಎದುರು. ಅವನು ಶೆಡ್ಡಿನ ಅರ್ಧ ಪಾಲುದಾರ, ಕ್ಲೆಮ್ ಪೆಂಗಿಲ್ಲಿ. ಇಪ್ಪತ್ತೆರಡು ವರ್ಷ ಒಂದೇ ಬೆಂಚಿನ ಮೇಲೆ ಕೂತು ಹತ್ತು ಗಂಟೆಯ ಚಹಾ ಕುಡಿದವರು, ಮಾಂಸ ತುಂಬಿ ಬೇಯಿಸಿದ ಪಾಸ್ಟಿ ಕಡುಬು ಒಂದನ್ನೇ ಮುರಿದು ಹಂಚಿಕೊಂಡವರು. ವೈರಿಂಗಿನ ಓನಾಮ ಕಲಿಸಿದವನೂ ಅವನೇ. ಕಳೆದ ಚಳಿಗಾಲದಲ್ಲಿ ಅವನು ತನ್ನ ಡೀಸೆಲ್ ಪಿಕಪ್ಪನ್ನು ಹೊಲಮನೆಗಳಿಗೆ ಅಂಚೆ ಹಂಚುವ ನೆರಿಡಾಳಿಗೆ ಮಾರಲು ಹೊರಟ. ನೆರಿಡಾ ಎಲ್ಲರಂತೆ ಬಂದು ಲೋರ್ನಾಳನ್ನು ಕೇಳಿದಳು. ಈ ಸೀಮೆಯಲ್ಲಿ ಗೆಳೆಯನ ಗಾಡಿಯಡಿ ಟಾರ್ಚ್ ಹಿಡಿದು ತೂರುವುದೆಂದರೆ ಅವನ ಮುಖಕ್ಕೆ ಉಗಿದಷ್ಟೇ ಅವಮಾನ. ಲೋರ್ನಾ ಬಗ್ಗಿಯೂ ನೋಡಲಿಲ್ಲ. "ನೋಡಿದೀನಿ, ತಗೋ" ಎಂದುಬಿಟ್ಟಳು.

ಇಲ್ಲಿ ಬೇಸಿಗೆ ಕಾಲಿಡುವ ನವೆಂಬರಿನಲ್ಲಿ, ಬಾರ್ಲಿ ಕೊಯ್ಲು ಶುರುವಾದ ವಾರ, ಅದೇ ಗಾಡಿ ಶೆಡ್ಡಿಗೆ ಬಂತು. ಇಂಜಿನ್ ದೀಪ ಹತ್ತಿದೆ, ದಿಬ್ಬ ಏರಲು ಉಸಿರೇ ಇಲ್ಲ ಎಂದು ನೆರಿಡಾ ಹಿಂದಿನ ಸಂಜೆಯೇ ಬಿಟ್ಟುಹೋಗಿದ್ದಳು.

ಅದರ ಹೊಗೆಕೊಳವೆಯಲ್ಲಿ ಶಾಖ ಅಳೆಯುವ ಸೆನ್ಸರ್ ನಾಲ್ಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನಾಲ್ಕೂ ಹೊರಗಿನ ಗಾಳಿಯಷ್ಟೇ ತೋರಿಸಬೇಕು. ಲೋರ್ನಾ ಬೆಳಿಗ್ಗೆ ಪರೀಕ್ಷೆಯ ಯಂತ್ರ ಹಚ್ಚಿದಳು. ಮೂರು ಸೆನ್ಸರು ಹದಿನಾಲ್ಕು ಡಿಗ್ರಿ ಎಂದವು. ಮಸಿ ಹಿಡಿಯುವ ಫಿಲ್ಟರಿನ ಹಿಂದಿನದು ಇನ್ನೂರ ನಲವತ್ತು ಎಂದಿತು. ಇಂಜಿನ್ ಚಾಲೂ ಮಾಡಿದರೆ ಮೂರೂ ಏರತೊಡಗಿದವು, ನಾಲ್ಕನೆಯದು ಕದಲಲಿಲ್ಲ. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಹೊಸದನ್ನು ಹಾಕಿದಳು. ಆಗಲೂ ಇನ್ನೂರ ನಲವತ್ತೇ. ಅಂದರೆ ಸುಳ್ಳು ಹೇಳುತ್ತಿದ್ದದ್ದು ಸೆನ್ಸರಲ್ಲ, ವೈರು.

ವೈರಿನ ಜಾಡು ಹಿಡಿದು ಗೇರ್‌ಬಾಕ್ಸಿನ ಮೇಲುಗಡೆಗೆ ಬಂದಳು. ಅಲ್ಲಿ ಕಪ್ಪು ಟೇಪು ಸುತ್ತಿತ್ತು. ಮುಂದೆ ಬಿಚ್ಚುವವರ ಉಗುರಿಗೆ ಸಿಗಲೆಂದು ಅದರ ತುದಿಯನ್ನು ಚಿಕ್ಕದಾಗಿ ಮಡಚಿತ್ತು. ಇಡೀ ಊರಿನಲ್ಲಿ ಹಾಗೆ ಮಡಚುವವರು ಇಬ್ಬರೇ, ಕಲಿಸಿದ ಕ್ಲೆಮ್ ಮತ್ತು ಕಲಿತ ಲೋರ್ನಾ. ಅವಳು ಆ ಮಡಿಕೆಗೇ ಉಗುರು ಹಚ್ಚಿ ಬಿಚ್ಚಿದಳು.

ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ರೆಸಿಸ್ಟರ್. ಸೆನ್ಸರಿನ ವೈರು ಕತ್ತರಿಸಿ, ಗಾಡಿಯ ಕಂಪ್ಯೂಟರಿಗೆ ಸದಾ ಒಂದೇ ಅಂಕಿ ಹೋಗುವಂತೆ ಅದನ್ನು ಬೆಸೆದಿದ್ದ. ಫಿಲ್ಟರ್ ಕಟ್ಟಿಕೊಂಡು ಒಳಗೊಳಗೇ ಕೆಂಪಗೆ ಕಾಯುತ್ತಿತ್ತು. ಅದನ್ನು ಹೇಳುವ ಬಾಯನ್ನೇ ಮುಚ್ಚಿಸಿದ್ದ. ನೆರಿಡಾ ದಿನಕ್ಕೆ ನಲವತ್ತು ಕಡೆ, ಒಣಗಿದ ಬಾರ್ಲಿ ಕೂಳೆಯ ಮೇಲೆ ಈ ಗಾಡಿ ನಿಲ್ಲಿಸುತ್ತಾಳೆ. ಹೊಲಕ್ಕೆ ಬೆಂಕಿ ಬಿದ್ದರೆ ಮೊದಲು ಸುಡುವವಳು ಅವಳು. ಕ್ಲೆಮ್‌ಗೆ ಇದು ಗೊತ್ತಿಲ್ಲದ್ದೇನಲ್ಲ, ಊರಿನ ಬೆಂಕಿ ಆರಿಸುವ ತಂಡಕ್ಕೆ ಅವನೇ ಮುಂದಾಳು.

ಹತ್ತಕ್ಕೆ ಅವನು ಬೇಕರಿಯ ಚೀಲ ಹಿಡಿದು ಬಂದ. ಲೋರ್ನಾ ರೆಸಿಸ್ಟರನ್ನು ಬೆಂಚಿನ ಮೇಲಿಟ್ಟಳು. ಅವನು ಚೀಲವನ್ನು ಪಕ್ಕಕ್ಕಿಟ್ಟ. ಮೊದಲು ಫಿಲ್ಟರ್ ಎಷ್ಟು ದುಬಾರಿ ಎಂದು ಶುರುಮಾಡಿದ. ಆಮೇಲೆ, ಕೊಯ್ಲಿಗೆ ಮುಂಚೆ ಕರೆಸಿ ಸರಿಮಾಡಿಕೊಡಬೇಕೆಂದಿದ್ದೆ, ಮರೆತುಹೋಯಿತು ಎಂದ.

"ನಾನು ಒಂದ್ಸಲ ಬಗ್ಗಿ ನೋಡಿದ್ರೆ ನೀನು ಸಿಕ್ಕಿಬೀಳ್ತಿದ್ದೆ," ಎಂದಳು ಲೋರ್ನಾ.

"ನೀನು ನೋಡಲ್ಲ ಅಂತ ಗೊತ್ತಿತ್ತು ಕಣೇ."

ಅವನು ಹಂಗಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದ. ಇಪ್ಪತ್ತೆರಡು ವರ್ಷದ ನಂಬಿಕೆಯನ್ನು ಅವನು ಗೋಡೆಯ ಮೊಳೆಯಿಂದ ಪಾನಾ ತೆಗೆದುಕೊಂಡಷ್ಟು ಸಲೀಸಾಗಿ ತೆಗೆದು ಬಳಸಿದ್ದ. ಶೆಡ್ಡಿನ ಕೀಲಿ ಇಟ್ಟು ಹೋಗು ಎಂದಳು. ಪಾಸ್ಟಿ ಚೀಲವನ್ನೂ ಅವನ ಕೈಗೇ ಕೊಟ್ಟಳು.

ಮಧ್ಯಾಹ್ನ ನೆರಿಡಾ ಬಂದಳು. ಲೋರ್ನಾ ನಡೆದದ್ದೆಲ್ಲ ಹೇಳಿದಳು, ಕ್ಲೆಮ್‌ನನ್ನು ಬಾಯಿತುಂಬ ಬೈದಳು, ಹೊಸ ಫಿಲ್ಟರನ್ನು ತಾನೇ ಹಾಕಿಕೊಡುತ್ತೇನೆ ಎಂದಳು. ನೆರಿಡಾ ಬೈಗುಳಕ್ಕೆ ದನಿಗೂಡಿಸಲಿಲ್ಲ.

"ಕ್ಲೆಮ್ ಬಿಡು, ಅವನು ಮಾರೋನು. ನೋಡಿದೀನಿ ಅಂದೋಳು ನೀನಲ್ವಾ?"

ಬೆಳಗಿನಿಂದ ತನಗೆ ಮೋಸವಾಯಿತೆಂದು ಕುದಿಯುತ್ತಿದ್ದ ಲೋರ್ನಾಳಿಗೆ ಈ ಮಾತು ಹೊಳೆದೇ ಇರಲಿಲ್ಲ.

"ಬೇರೆ ಯಾರ ಹತ್ರ ತೋರಿಸ್ಲಿ, ಅದನ್ನ ಹೇಳು," ಎಂದಳು ನೆರಿಡಾ.

ಪಕ್ಕದೂರು ವಾಲರೂದಲ್ಲಿ ಹೊಸಬನೊಬ್ಬ ಬಂದಿದ್ದಾನೆ, ಒಳ್ಳೆಯ ಕೆಲಸಗಾರ ಎಂದಳು ಲೋರ್ನಾ.

"ಅವನ ಕೆಲಸಾನಾದ್ರೂ ನೋಡಿದೀಯಾ?"

ಲೋರ್ನಾ ನೋಡಿರಲಿಲ್ಲ. ಇಲ್ಲ ಎಂದಳು.