ಮರಕುಟಿಗದ ಹಿಂಗತ್ತು

ನನಗೆ ನೆಂಟರ ಮುಖವೇ ಸರಿಯಾಗಿ ನೆನಪಿರುವುದಿಲ್ಲ. ಹೋದ ಸಲದ ಮದುವೆಯಲ್ಲಿ ಬೀಗರನ್ನು ಬಡಿಸುವವರೆಂದು ತಿಳಿದು ಇನ್ನೊಂದು ಹೋಳಿಗೆ ಕೇಳಿದ್ದೆ. ಅಂಥವನು ಹಾನಗಲ್ಲಿನ ನಮ್ಮ ಹಿತ್ತಲಲ್ಲಿ ಮರಕುಟಿಗಗಳ ಜಾತಿ ಗುರುತಿಸಲು ಕುಳಿತದ್ದು ಹೆಂಡತಿಗೆ ನಗೆಯ ವಿಷಯ. ಪೂಜೆಗೆ ಒಡೆದ ಕಾಯಿಯ ಹೋಳು ಅಡುಗೆಮನೆಗೆ ಹೋಗದೆ ಪೇರಲ ಗಿಡದಲ್ಲಿ ಹಕ್ಕಿಗಾಗಿ ನೇತಾಡುವುದು ಮಾತ್ರ ನಗೆಯ ವಿಷಯವಲ್ಲ.

ಬಂಕಾಪುರದ ನವಿಲುಧಾಮದ ನವಿಲನ್ನು ಗುರುತಿಸಲು ಕನ್ನಡಕವೂ ಬೇಡ. ಮರಕುಟಿಗ ಹಾಗಲ್ಲ. ಹೊನ್ನಿನ ಬಣ್ಣದ ಬೆನ್ನು, ಕೆಂಪು ಜುಟ್ಟು ಇಲ್ಲಿ ಕಾಣುವ ಎರಡೂ ಜಾತಿಗೆ ಇವೆ. ಹಿಂಗತ್ತು ಕಪ್ಪಗಿದ್ದರೆ ಸಾದಾ ಹಕ್ಕಿ, ಬೆಳ್ಳಗಿದ್ದರೆ ಅಪರೂಪದ್ದು. ಇಷ್ಟೇ. ಆದರೆ ನಾನು ದುರ್ಬೀನು ಎತ್ತಿದೊಡನೆ ಆ ಪ್ರಾಣಿ ಕಾಂಡದ ಆಚೆ ಬದಿಗೆ ಸರಿಯುತ್ತದೆ.

ಆಚೆ ಬದಿ ನೆರೆಮನೆಯ ನೀಲವ್ವನದು. ಗೋಡೆಯಾಚೆಗಿನ ಒಣಗಿದ ತೆಂಗಿನ ಮರವೂ ಆಕೆಯದೇ. ಮುಂಗಾರು ಗಾಳಿಗೆ ಅದು ಕೊಟ್ಟಿಗೆಯ ಮೇಲೆ, ಗಬ್ಬದ ಎಮ್ಮೆಯ ಮೇಲೆ ಬಿದ್ದೀತೆಂದು ಹೆದರಿ, ಕಡಿಯಲು ಹುಸೇನಸಾಬನನ್ನು ಕರೆಸಿದ್ದಳು. ನನ್ನ ಹಕ್ಕಿ ದಿನವೂ ಬಂದು ಕೂರುವುದು ಆ ಮರದ ಮೇಲೇ. ಸಾದಾ ಹಕ್ಕಿಗಾಗಿ ಯಾರು ಮರ ಬಿಟ್ಟಾರು ಎಂದುಕೊಂಡು, “ತಡೀರಿ ನೀಲವ್ವಾರ, ಅದು ಅಪರೂಪದ್ದಿರಬೇಕು!” ಎಂದು ಕೂಗಿದೆ.

“ಖರೇನ ಅಪರೂಪದ್ದಿದ್ರ ಒಂದ್ ತಿಂಗಳು ತಡೀತೇನ್ರಿ. ಸಾದಾ ಇದ್ರ ಈಗ ಕಡಸೂದ,” ಎಂದಳು ಆಕೆ, ತನ್ನ ಮಾಳಿಗೆಯ ಮೇಲಿಂದ.

ಹುಸೇನಸಾಬ ಮರಕ್ಕೆ ಹಗ್ಗ ಬಿಗಿದು ಗರಗಸದ ಯಂತ್ರಕ್ಕೆ ಪೆಟ್ರೋಲು ಸುರಿಯತೊಡಗಿದ. ಅಷ್ಟರಲ್ಲಿ ಹಕ್ಕಿ ಬಂದು ಕೂತಿತು, ಎಂದಿನಂತೆ ಆಚೆ ಬದಿಗೆ.

“ಹಿಂಗತ್ತು ನೋಡ್ರಿ! ಕರೇದೋ, ಬಿಳೇದೋ?” ಎಂದು ಮಾಳಿಗೆಯತ್ತ ಕೂಗಿದೆ.

ಮರ ಕಡಿಸುವವಳೂ ಆಕೆಯೇ, ಸಾಕ್ಷಿಯೂ ಆಕೆಯೇ. ನೀಲವ್ವ ಬಹಳ ಹೊತ್ತು ನೋಡಿದಳು.

“ಬಿಳೇದ ಐತ್ರಿ,” ಎಂದಳು. “ಹುಸೇನಣ್ಣಾ, ಹಗ್ಗ ಬಿಚ್ಚು. ಚಾ ಕುಡದು ಹೋಗು.”

ನಾನು ಕುಣಿಯುವುದೊಂದು ಬಾಕಿ. ಆಗ ಹಕ್ಕಿ ಹಾರಿಬಂದು ನಮ್ಮ ಕಾಯಿ ಹೋಳಿಗೆ ಜೋತುಬಿದ್ದು ಬೆನ್ನು ತಿರುಗಿಸಿತು. ಹಿಂಗತ್ತು ಕಾಡಿಗೆಯಷ್ಟು ಕಪ್ಪು!

ನೀಲವ್ವ ಕೆಳಗಿಳಿದು ಗೋಡೆಯ ಬಳಿ ಬಂದಾಗ, “ಬಿಳೇದಂದ್ರಲ್ಲ?” ಎಂದು ಮೆಲ್ಲಗೆ ಕೇಳಿದೆ.

“ತೂತಿನ್ಯಾಗ ಎರಡು ಮರಿ ಬಾಯಿ ತಕ್ಕೊಂಡು ಕುಂತಾವ್ರಿ. ಅವರವ್ವನ ಕುತ್ತಿಗಿ ಯಾರು ನೋಡ್ತಾರ? ಅವು ಹಾರೂಮಟ ಎಮ್ಮಿ ಮುಂದಿನ ಅಂಗಳದಾಗ ಇರಲಿ.”

ಹುಸೇನಸಾಬ ಚಾದ ಲೋಟ ಕೆಳಗಿಟ್ಟು ನನ್ನತ್ತ ತಿರುಗಿದ. “ನೀವು ತಿಳಿದವರು, ಹೇಳ್ರಿ ಸರ. ಅದು ಖರೇನ ಬಿಳೇ ಕುತ್ತಿಗೀದ ಹೌದಲ್ರಿ?”

ಒಂದು ಗರಿಯ ಬಣ್ಣಕ್ಕಾಗಿ ಎಷ್ಟೋ ಜನರೊಡನೆ ಜಗಳಕ್ಕೆ ನಿಂತವನು ನಾನು.

“ಹಾಲಿನಂಗ ಬಿಳೇದ ಐತಿ,” ಎಂದೆ.