ಷಡ್ಡಕನಿಗೆ ಕೊಟ್ಟ ಬಿರುಕು ಬ್ಲೇಡು

ನಮ್ಮ ಶೆಡ್ಡಿಗೆ ಕೆಲಸ ಕೇಳಿಕೊಂಡು ಬಂದವನಿಗೆ ನಾನು ಯಾವ ಪ್ರಶ್ನೆಯನ್ನೂ ಹಾಕುತ್ತಿರಲಿಲ್ಲ. ಕೂದಲಿನಷ್ಟು ಬಿರುಕು ಬಿಟ್ಟ ಒಂದು ಬ್ಲೇಡನ್ನು ಚೆನ್ನಾಗಿರುವ ಬ್ಲೇಡುಗಳ ನಡುವೆ ಸೇರಿಸಿ ಅವನ ಕೈಗೆ ಕೊಡುತ್ತಿದ್ದೆ. ಹಿರಿಯೂರಿನ ಹೈವೇ ಪಕ್ಕದಲ್ಲಿ ಲಾರಿಯ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿ, ಅಂದರೆ ಬ್ಲೇಡು, ಕಾಯಿಸಿ, ಬಡಿದು, ಕೂಡಿಸಿ ಕೊಡುವ ಕೆಲಸ ನಮ್ಮದು. ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಒಳ್ಳೆಯ ಬ್ಲೇಡು ಗಂಟೆಯ ಹಾಗೆ ಕೂಗುತ್ತದೆ, ಬಿರುಕಿನದು ಒಡೆದ ಮಡಕೆಯ ಸದ್ದು ಮಾಡುತ್ತದೆ. ಅದನ್ನು ಕೇಳಿ ಪಕ್ಕಕ್ಕೆ ಎತ್ತಿಟ್ಟವನು ಉಳಿಯುತ್ತಿದ್ದ. ಸುಮ್ಮನೆ ಕೂಡಿಸಿ ಬೋಲ್ಟು ಬಿಗಿದವನಿಗೆ ಟೀ ಕುಡಿಸಿ ಬಸ್ಸು ತೋರಿಸುತ್ತಿದ್ದೆ. ಅದರಲ್ಲಿ ದಾಕ್ಷಿಣ್ಯ ನೋಡಿದ್ದಿಲ್ಲ. ಬ್ಲೇಡು ಮುರಿದು ಲಾರಿ ಮಗುಚಿದರೆ ಸಾಯುವವನು ಡ್ರೈವರು.

ನನ್ನ ಹೆಂಡತಿ ಹೊಳಲ್ಕೆರೆಯವಳು. ಆ ಮನೆಗೆ ನಾವಿಬ್ಬರು ಅಳಿಯಂದಿರು. ನಾನು ಹಿರಿಯ ಮಗಳ ಗಂಡ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಲುಮೆಯ ತಿದಿ ಒತ್ತಿದವನು. ಕಿರಿಯ ಮಗಳ ಗಂಡ, ಅಂದರೆ ನನ್ನ ಷಡ್ಡಕ, ಎರಡು ಡಿಗ್ರಿ ಮಾಡಿಕೊಂಡು ದುರ್ಗದಲ್ಲಿ ಆಫೀಸು ಕೆಲಸದಲ್ಲಿದ್ದ. ಹಬ್ಬದ ಪಂಕ್ತಿಯಲ್ಲಿ ತುಪ್ಪ ಮೊದಲು ಬೀಳಬೇಕಾದ್ದು ಹಿರಿಯ ಅಳಿಯನ ಎಲೆಗೆ. ಆ ಮನೆಯಲ್ಲಿ ತುಪ್ಪದ ಗಿಂಡಿ ಅವನ ಎಲೆಯ ಹತ್ತಿರ ಬಾಗಿ, ಆಮೇಲೆ ನನ್ನ ಕಡೆ ತಿರುಗುತ್ತಿತ್ತು. ಬೇಕೆಂದು ಮಾಡಿದ್ದಲ್ಲ ಎಂದು ಹೆಂಡತಿ ಹೇಳುತ್ತಿದ್ದಳು. ಬೇಕೆಂದಲ್ಲದೆ ವರ್ಷಗಟ್ಟಲೆ ಮಾಡಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಷಡ್ಡಕ ಸ್ವಯಂನಿವೃತ್ತಿ ತೆಗೆದುಕೊಂಡ. ಬೆಂಗಳೂರಿಗೆ ಹೋಗಿ ಏನೋ ತರಬೇತಿ ಮಾಡಿಕೊಂಡು ಬಂದು ಮನೆಯ ಮುಂದೆ ‘ಲೈಫ್ ಕೋಚ್’ ಎಂದು ಬೋರ್ಡು ಹಾಕಿದ. ದುರ್ಗದಲ್ಲಿ ಕೋಚಿಂಗ್ ಎಂದರೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗರಿಗೆ. ಬದುಕಿನಲ್ಲಿ ಡುಮ್ಕಿ ಹೊಡೆದಿದ್ದೇನೆ ಎಂದು ಒಪ್ಪಿಕೊಂಡು ಗೇಟು ತೆಗೆಯುವವರು ಯಾರು? ಒಬ್ಬರೂ ಬರಲಿಲ್ಲ. ಮಾವನ ಕಡೆಯವರು ಹೊಸದುರ್ಗದಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಮೊದಲು ಹಿರಿಯ ಅಳಿಯ ಹೋಗಿ ಬರಲಿ, ಆ ಒರಟನೇ ಸರಿಹೋದರೆ ನಮ್ಮ ಹುಡುಗರನ್ನೂ ಕಳಿಸುತ್ತೇವೆ ಎಂದರಂತೆ. ಅವನ ಬೋರ್ಡು ನನ್ನ ಒಂದು ಮಾತಿಗೆ ನೇತಾಡುತ್ತಿತ್ತು.

ನನಗೂ ಆಗ ನಲವತ್ತು ದಾಟಿತ್ತು. ಶೆಡ್ಡು ಚೆನ್ನಾಗಿತ್ತು, ನಾನು ಚೆನ್ನಾಗಿರಲಿಲ್ಲ. ಸಣ್ಣದಕ್ಕೂ ಕೆಲಸದವರ ಮೇಲೆ ಹರಿಹಾಯುತ್ತಿದ್ದೆ, ಉಣ್ಣುತ್ತಾ ಕೂತವನು ತಟ್ಟೆ ತಳ್ಳಿ ಏಳುತ್ತಿದ್ದೆ. ಹೆಂಡತಿ ಹೋಗಿ ಬರ್ರಿ ಎಂದಳು. ಹೋದೆ.

ಅವನು ಹಾಲಿನಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದ್ದ. ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ವಾಸನೆ.

“ಕುಂತ್ಕಳ್ರಿ ಅಣ್ಣ. ಇಲ್ಲಿ ನಾನು ನಿಮ್ಮ ಷಡ್ಡಕ ಅಲ್ಲ. ಇಲ್ಲಿ ಆಡಿದ ಮಾತು ಈ ಗೋಡೆ ದಾಟಂಗಿಲ್ಲ,” ಎಂದ.

ಆಮೇಲೆ, ಇಷ್ಟು ವರ್ಷದಲ್ಲಿ ಯಾವುದು ಹೆಚ್ಚು ನೋಯಿಸಿದೆ ಎಂದು ಕೇಳಿದ. ತುಪ್ಪದ ಗಿಂಡಿ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಅವನ ಕೈಗೆ ಬಿರುಕು ಬ್ಲೇಡು ಕೊಟ್ಟೆ. ಶೆಡ್ಡು ಮಾರಿ ಧರ್ಮಪುರದ ಕಡೆ ಹೊಲ ತೆಗೆದುಕೊಂಡು ಇದ್ದುಬಿಡಬೇಕು ಎಂದಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದೆ. ಹಸಿ ಸುಳ್ಳು. ಆ ಶೆಡ್ಡು ಮಾರುವುದಕ್ಕಿಂತ ನನ್ನ ಕೈ ಕಡಿದುಕೊಡುತ್ತಿದ್ದೆ.

ಅವನು ಚೆನ್ನಾಗಿಯೇ ಕೇಳಿಸಿಕೊಂಡ, ಅದನ್ನು ಇಲ್ಲವೆನ್ನುವುದಿಲ್ಲ. ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಜೀವಮಾನದಲ್ಲಿ ಯಾರೂ ನನ್ನ ಮಾತನ್ನು ಹಾಗೆ ಕೂತು ಕೇಳಿರಲಿಲ್ಲ. ಮುಂದಿನ ವಾರ ತುಪ್ಪದ ವಿಷಯ ಹೇಳಿಬಿಡೋಣ ಎಂದುಕೊಂಡೇ ಬಸ್ಸು ಹತ್ತಿದೆ.

ಆ ವಾರ ಬರುವ ಮೊದಲೇ ಒಂದು ಬೆಳಿಗ್ಗೆ ಹೆಂಡತಿ ಒಲೆಯ ಮುಂದಿನಿಂದ ತಿರುಗದೆ ಅಂದಳು: “ಶೆಡ್ ಮಾರ್ತೀರಂತೆ. ತಂಗಿ ಫೋನ್ ಮಾಡಿದ್ಲು. ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ಲ ನಿಮಗೆ.”

ಮಾರುವುದಿಲ್ಲ ಎಂದೆ. ಅಷ್ಟೇ ಅಂದಿದ್ದು. ಉಳಿದದ್ದನ್ನು ದೀಪಾವಳಿಗೆ ಇಟ್ಟುಕೊಂಡೆ.

ಹೊಳಲ್ಕೆರೆಯಲ್ಲಿ ಹಬ್ಬದ ಪಂಕ್ತಿ ತುಂಬಿತ್ತು. ಹೊಸದುರ್ಗದವರೂ ಬಂದಿದ್ದರು. ಹೋಳಿಗೆ ಬಡಿಸುತ್ತಿದ್ದ ಹಾಗೆ ಮಾವ ಎಲ್ಲರಿಗೂ ಕೇಳುವಂತೆ ಕೇಳಿದರು: “ಹೆಂಗೈತ್ರಿ ಅಳಿಯಂದ್ರೇ, ನಮ್ಮ ಸಾಹೇಬ್ರ ಕೋಚಿಂಗು?”

ಷಡ್ಡಕ ಮುರಿದ ಹೋಳಿಗೆಯನ್ನು ಬಾಯಿಗಿಡದೆ ಹಿಡಿದುಕೊಂಡ.

“ಚೆನ್ನಾಗೈತೆ ಮಾವ,” ಎಂದೆ. “ಅಲ್ಲಿ ಆಡಿದ ಮಾತು ನನಗಿಂತ ಮುಂಚೆ ನಮ್ಮನೆ ಅಡಿಗೆಮನೆ ಮುಟ್ಟಿತ್ತು. ನಾನು ಹೇಳಿದ್ದು ಸುಳ್ಳು, ನೋಡಾಣ ಅಂತ ಹೇಳಿದ್ದು. ನಿಮ್ಮ ಹುಡುಗ್ರು ನಿಜ ಹೇಳೋರು. ಯೋಚನೆ ಮಾಡಿ ಕಳಿಸ್ರಿ.”

ಹೊಸದುರ್ಗದವರಲ್ಲಿ ಒಬ್ಬ, ಊರಿಗೆಲ್ಲ ಡಂಗುರ ಹೊಡೆಸಲು ದುಡ್ಡು ಬೇರೆ ಕೊಡಬೇಕೇನಪ್ಪ ಎಂದ. ಪಂಕ್ತಿಯೆಲ್ಲ ನಕ್ಕಿತು. ಷಡ್ಡಕ ಬಾಯಿ ತೆರೆದ. ತುಪ್ಪದ ಗಿಂಡಿ ಹಿಡಿದು ನಿಂತಿದ್ದ ತನ್ನ ಹೆಂಡತಿಯ ಕಡೆ ನೋಡಿದ. ಬಾಯಿ ಮುಚ್ಚಿಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ತಂಗಿಯಿಂದ ಆಗಷ್ಟೇ ತಿಳಿದದ್ದನ್ನು ಹೇಳಿದಳು. ಅವರ ಹಾಲಿಗೂ ಅಡಿಗೆಮನೆಗೂ ನಡುವೆ ಇರುವುದು ಒಂದು ಪರದೆ. ತಂಗಿ ಅದರ ಹಿಂದೆ ನಿಂತು ಕೇಳಿಸಿಕೊಂಡು, ಅಕ್ಕನ ಗತಿ ಏನು ಎಂದು ಹೆದರಿ ಫೋನು ಮಾಡಿದ್ದಳು. ಅವನು ಯಾರಿಗೂ ಹೇಳಿರಲಿಲ್ಲ. ಪಂಕ್ತಿಯಲ್ಲಿ ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡಿದ್ದರೆ ತವರಿನವರೆಲ್ಲರ ಮುಂದೆ ಅವನ ಹೆಂಡತಿಯ ಮಾನ ಹೋಗುತ್ತಿತ್ತು.

“ಅಪ್ಪಗೆ ನೀವೇ ಫೋನ್ ಮಾಡಿ ಹೇಳ್ರಿ,” ಎಂದಳು.

ನಾನು ಮಾಡಲಿಲ್ಲ. ಬ್ಲೇಡಿಗೆ ಬಿರುಕು ಯಾರಿಂದ ಬಂತು ಎಂದು ನಾನು ಯಾವತ್ತೂ ವಿಚಾರಿಸಿದವನಲ್ಲ. ಬಿರುಕಿದ್ದರೆ ಕೂಡಿಸುವುದಿಲ್ಲ. ಈಗಲೂ ಯಾರಾದರೂ ಕೋಚ್ ಹತ್ತಿರ ಹೋಗಲೇ ಎಂದು ಕೇಳಿದರೆ ಹೋಗು ಎನ್ನುತ್ತೇನೆ. ಕೇಳಿಸಿಕೊಳ್ಳುವವನು ಸಿಕ್ಕರೆ ಎದೆ ಹಗುರಾಗುತ್ತದೆ, ಅದು ನಿಜ. ಆದರೆ ನಿನ್ನ ಜೊತೆ ಒಂದೇ ಪಂಕ್ತಿಯಲ್ಲಿ ಉಂಡವನ ಹತ್ತಿರ ಹೋಗಬೇಡ, ಮೊದಲ ದಿನ ಸುಳ್ಳು ಹೇಳಿ ನೋಡು ಎನ್ನುತ್ತೇನೆ.

ಯುಗಾದಿಯೊಳಗೆ ಬೋರ್ಡು ಇಳಿಯಿತು. ಷಡ್ಡಕ ಹೊಸದುರ್ಗದ ಅದೇ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ, ಅವತ್ತು ನಕ್ಕವರ ಕೈಕೆಳಗೇ.

ಮುಂದಿನ ದೀಪಾವಳಿಗೆ ತುಪ್ಪ ಮೊದಲು ನನ್ನ ಎಲೆಗೆ ಬಂತು. ಬಡಿಸಿದವಳು ನಾದಿನಿ, ಷಡ್ಡಕನ ಹೆಂಡತಿ. ನನ್ನ ಮುಖ ನೋಡದೆ ಸುರಿಯುತ್ತಲೇ ಇದ್ದಳು. ತುಪ್ಪ ಹೋಳಿಗೆಯನ್ನು ಮುಳುಗಿಸಿ, ಎಲೆಯ ಅಂಚು ದಾಟಿ, ನೆಲದ ಮೇಲೆ ಷಡ್ಡಕನ ಎಲೆಯ ಕಡೆಗೆ ಹರಿಯತೊಡಗಿತು. ಅವನು ತನ್ನ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡ.

ನಾನು ಸಾಕು ಎನ್ನಲಿಲ್ಲ.